ದೊಡ್ಡ ಕಾಟ್ಲಾ ಬಿಟ್ಟರೆ ಕೆರೆ ತಾನೇ ತುಂಬುತ್ತಾ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಊರ ಕೆರೆ ತುಂಬಿದಾಗ ಇಪ್ಪತ್ತು ಎಕರೆ, ಬೇಸಿಗೆಯಲ್ಲಿ ಆರೇಳು ಎಕರೆಗೆ ಇಳಿಯುತ್ತದೆ. ಸಂಘದವರು ಪ್ರತಿ ವರ್ಷ ದುಡ್ಡು ಕೊಟ್ಟು ಕಾಟ್ಲಾ, ರೋಹು ಮರಿ ತಂದು ಬಿಡುತ್ತೇವೆ. ನಮ್ಮ ಅಜ್ಜನ ಕಾಲದಲ್ಲಿ ಯಾರೂ ಮರಿ ಬಿಡುತ್ತಿರಲಿಲ್ಲ, ಆದರೂ ಮೀನು ಇರುತ್ತಿದ್ದವು. ಈಗ ಕೆರೆಯಲ್ಲಿ ಆರೇಳು ಕೆಜಿ ತೂಗುವ ಕಾಟ್ಲಾ ನಾಲ್ಕೈದು ಉಳಿದಿವೆ. ಅವನ್ನು ಹಿಡಿಯದೆ ಬೀಜಕ್ಕೆ ಬಿಟ್ಟರೆ ಮರಿ ಕೊಳ್ಳುವ ಖರ್ಚು ತಪ್ಪುವುದಿಲ್ಲವಾ? ಇನ್ನೊಂದು ಮಾತು. ಐದು ವರ್ಷದ ಹಿಂದೆ ಕೆರೆ ಪೂರ್ತಿ ಬತ್ತಿತ್ತು. ಮಳೆ ಬಂದ ಮೇಲೆ ಯಾರೂ ಬಿಡದೆ ಮೀನು ಕಾಣಿಸಿದವು. ಅವು ಎಲ್ಲಿಂದ ಬಂದವು?

ಉತ್ತರ: ಮೊದಲು ಆ ದೊಡ್ಡ ಕಾಟ್ಲಾಗಳ ವಿಷಯ. ಹಿಡಿದು ಮಾರಿಬಿಡಿ. ಇನ್ನು ನಾಲ್ಕು ವರ್ಷ ಸಾಕಿದರೂ ಅವು ನಿಮ್ಮ ಕೆರೆಯಲ್ಲಿ ಮರಿ ಮಾಡುವುದು ಅನುಮಾನ. ಜೋಳದ ಒಳ್ಳೆ ತೆನೆ ಆರಿಸಿ ಬೀಜಕ್ಕೆ ತೆಗೆದಿಡುತ್ತೇವಲ್ಲ, ಆ ಲೆಕ್ಕ ಕಾಟ್ಲಾಕ್ಕೆ ನಡೆಯುವುದಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಮೂರೂ ಹೊಳೆಯ ಮೀನು. ಗಂಗೆ, ಬ್ರಹ್ಮಪುತ್ರದಂಥ ದೊಡ್ಡ ನದಿಗಳಲ್ಲಿ ಹುಟ್ಟಿ ಬೆಳೆದ ಜಾತಿ. ನಿಂತ ನೀರಿನಲ್ಲಿ ಚೆನ್ನಾಗಿ ತಿಂದು ದಪ್ಪ ಆಗುತ್ತವೆ, ಹೊಟ್ಟೆ ತುಂಬ ತತ್ತಿಯನ್ನೂ ಕಟ್ಟುತ್ತವೆ. ಆದರೆ ತತ್ತಿ ಇಡಬೇಕಾದರೆ ಅವಕ್ಕೆ ಹೊಳೆಗೆ ಮಹಾಪೂರ ಬಂದ ಹಾಗೆ ಅನ್ನಿಸಬೇಕು. ನೀರು ಏರಬೇಕು, ರಾಡಿಯಾಗಬೇಕು, ಸ್ವಲ್ಪ ತಣ್ಣಗಾಗಬೇಕು, ಮೈಗೆ ಹರಿವು ತಾಗಬೇಕು. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನ್ ಬಿಡುಗಡೆ ಆಗುತ್ತದೆ, ತತ್ತಿ ಕೊನೆಯ ಹದಕ್ಕೆ ಬರುತ್ತದೆ. ಹೆಣ್ಣು ಮೀನು ದಡದ ತೆಳುನೀರಿಗೆ ಬಂದು ತತ್ತಿ ಬಿಡುತ್ತದೆ, ಗಂಡು ಜೊತೆಗೇ ಬಂದು ಹಾಲು, ಅಂದರೆ ವೀರ್ಯ, ಬಿಡುತ್ತದೆ.

ನಿಮ್ಮ ಕೆರೆಯಲ್ಲಿ ಈ ಸೂಚನೆ ಬರುವುದಿಲ್ಲ. ತತ್ತಿ ಹೊಟ್ಟೆಯಲ್ಲೇ ಉಳಿದು, ಮಳೆಗಾಲ ಮುಗಿಯುತ್ತಿದ್ದ ಹಾಗೆ ಕರಗಿ ಮೈಗೆ ಸೇರುತ್ತದೆ. ಜುಲೈನಲ್ಲಿ ಕಾಟ್ಲಾ ಕೊಯ್ದಾಗ ಅಂಗೈಯಷ್ಟು ತತ್ತಿಗಟ್ಟಿ ಕಂಡು 'ನೋಡ್ರಿ, ಮರಿ ಹಾಕ್ತಿತ್ತು, ಕೊಂದುಬಿಟ್ರಿ' ಅಂತ ಮರುಗುವವರಿದ್ದಾರೆ. ಮರುಗುವುದು ಬೇಡ. ಆ ತತ್ತಿ ಮರಿಯಾಗುತ್ತಲೇ ಇರಲಿಲ್ಲ.

ಅಪರೂಪಕ್ಕೆ ಆಗುವುದೂ ಉಂಟು. ಬಂಗಾಳದ ಬಾಂಕುರಾ ಕಡೆ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಮೇಲಿನ ಬಯಲಿನಿಂದ ಮಳೆನೀರು ರಭಸದಿಂದ ನುಗ್ಗುವ ಹಾಗೆ ಮಾಡಿ, ಅಲ್ಲೇ ಈ ಮೀನುಗಳಿಂದ ತತ್ತಿ ಇಡಿಸುವ ಪದ್ಧತಿ ಹಳೆಯದು. ದೊಡ್ಡ ಜಲಾಶಯದ ಹಿಂದೆ ಹೊಳೆ ಹರಿಯುತ್ತಿದ್ದರೆ ಮೀನು ಮೇಲಕ್ಕೆ ಹೋಗಿ ತತ್ತಿ ಇಡುವ ದಾರಿಯೂ ಇರುತ್ತದೆ. ಹಿಮಾಚಲದ ಗೋಬಿಂದ ಸಾಗರಕ್ಕೆ 1971ರಲ್ಲಿ ಒಂದು ಫಾರ್ಮಿನಿಂದ ತಪ್ಪಿಸಿಕೊಂಡು ಸೇರಿದ ಬೆಳ್ಳಿ ಗೆಂಡೆ (ಸಿಲ್ವರ್ ಕಾರ್ಪ್) ತಾನಾಗಿಯೇ ಸಂತಾನ ಬೆಳೆಸಿ ಇಡೀ ಜಲಾಶಯವನ್ನೇ ಆಕ್ರಮಿಸಿತು. ಆದರೆ ಅದು ಸತ್ಲೆಜ್ ನದಿ, ನಿಮ್ಮದು ಇಪ್ಪತ್ತು ಎಕರೆ ಕೆರೆ. ಭೀಮಾ ದಂಡೆಯ ವಯಸ್ಸಾದ ಮೀನುಗಾರರೊಬ್ಬರು ನನಗೆ ಒಂದೇ ಮಾತಿನಲ್ಲಿ ಇದನ್ನು ಹೇಳಿದ್ದರು: 'ಸಾಹೇಬ್ರ, ಅದಕ ಹರಿಯೋ ನೀರು ಬೇಕ್ರಿ. ನಿಂತ ನೀರಾಗ ಅದು ಬರೀ ಉಣ್ಣಾಕ ಬರ್ತದ.' ನಾನು ತರಗತಿಯಲ್ಲಿ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ ಪಾಠ ಅದು.

ಹಾಗಾದರೆ ನೀವು ಕೊಳ್ಳುವ ಮರಿ ಎಲ್ಲಿಂದ ಬರುತ್ತವೆ? ಒಂದು ಕಾಲಕ್ಕೆ ಹೊಳೆಯಿಂದಲೇ. ಉತ್ತರದ ನದಿಗಳಲ್ಲಿ ಪೂರ ಬಂದಾಗ ಬಲೆಯೊಡ್ಡಿ ಮರಿ ಸೋಸಿ, ಮಣ್ಣಿನ ಗಡಿಗೆಗಳಲ್ಲಿ ತುಂಬಿ, ರೈಲಿನಲ್ಲಿ ದೂರದೂರಿಗೆ ಕಳಿಸುತ್ತಿದ್ದರು. ಅದರಲ್ಲಿ ಕಾಟ್ಲಾ ಎಷ್ಟು, ಬೇಡದ ಮೀನು ಎಷ್ಟು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಮತ್ತು ಅವರ ಜೊತೆಗಾರರು, ಬೇರೆ ಮೀನಿನ ಪಿಟ್ಯುಟರಿ ಗ್ರಂಥಿ ತೆಗೆದು ಅರೆದು, ಅದರ ರಸವನ್ನು ಚುಚ್ಚಿ, ಕಾಟ್ಲಾ, ರೋಹು ಸೇರುವ ಗೆಂಡೆ (ಕಾರ್ಪ್) ಜಾತಿಯ ಮೀನಿನಿಂದ ತತ್ತಿ ಇಡಿಸಿದರು. ಹೊಳೆಯ ಪೂರ ಮಾಡುತ್ತಿದ್ದ ಕೆಲಸವನ್ನು ಒಂದು ಸೂಜಿ ಮಾಡಿತು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಇಂದು ಗ್ರಂಥಿ ಅರೆಯುವ ಕಷ್ಟವೂ ಇಲ್ಲ, ಸಿದ್ಧ ಹಾರ್ಮೋನ್ ಬಾಟಲಿಯಲ್ಲಿ ಸಿಗುತ್ತದೆ.

ಒಮ್ಮೆ ಮರಿ ಉತ್ಪಾದನಾ ಕೇಂದ್ರಕ್ಕೆ ಹೋಗಿ ನೋಡಿ. ಮುಸ್ಸಂಜೆ ಇಂಜೆಕ್ಷನ್ ಕೊಟ್ಟು ದುಂಡನೆಯ ಸಿಮೆಂಟ್ ತೊಟ್ಟಿಗೆ ಬಿಡುತ್ತಾರೆ. ಕೊಳಾಯಿಗಳನ್ನು ಓರೆಯಾಗಿ ಇಟ್ಟಿರುವುದರಿಂದ ತೊಟ್ಟಿಯ ನೀರು ಸುತ್ತುತ್ತಲೇ ಇರುತ್ತದೆ. ರಾತ್ರಿ ನೀರು ಚಟಪಟ ಅನ್ನುತ್ತದೆ. ಬೆಳಕು ಹರಿಯುವಾಗ ಬೊಗಸೆಯಲ್ಲಿ ನೀರೆತ್ತಿದರೆ ನೆನೆಸಿದ ಸಾಬೂದಾಣಿಯ ಹಾಗೆ ಪಾರದರ್ಶಕ ಗುಳಿಗೆಗಳು. ಒಂದೊಂದರ ನಡುವೆ ಒಂದು ಚುಕ್ಕೆ. ಹದಿನಾಲ್ಕರಿಂದ ಹದಿನೆಂಟು ಗಂಟೆಯಲ್ಲಿ ಒಡೆದು ಮರಿ ಹೊರಗೆ. ಮೂರು ದಿನ ಹೊಟ್ಟೆಯಲ್ಲಿನ ಬುತ್ತಿ ಸಾಕಾಗುತ್ತದೆ, ಆಮೇಲೆ ಬಾಯಿ ತೆರೆದು ತಿನ್ನಬೇಕು. ಈ ಮೀನುಗಳ ಒಂದು ಕೆಜಿ ತೂಕಕ್ಕೆ ಲಕ್ಷದ ಮೇಲೆ ತತ್ತಿ ಬರುತ್ತದೆ. ಹೊಳೆಯಲ್ಲಾದರೆ ಒಂದು ಜೋಡಿ ಬದುಕಿಡೀ ಇಡುವ ಲಕ್ಷಾಂತರ ತತ್ತಿಯಲ್ಲಿ ಎರಡೇ ಎರಡು ದೊಡ್ಡದಾಗಿ ತತ್ತಿ ಇಡುವ ಹಂತಕ್ಕೆ ಬಂದರೂ ಸಾಕು, ಆ ಮೀನಿನ ಸಂಖ್ಯೆ ಹಾಗೇ ಉಳಿಯುತ್ತದೆ. ಮಿಕ್ಕಿದ್ದೆಲ್ಲ ಬೇರೆಯವರ ಊಟ. ಈ ಮಾತು ಮುಂದೆ ಮರಿ ಲೆಕ್ಕ ಹಾಕುವಾಗ ಬೇಕಾಗುತ್ತದೆ.

ಈಗ ನಿಮ್ಮ ಅಜ್ಜನ ಕಾಲದ ಮೀನು. ಅವು ಕಾಟ್ಲಾ ಆಗಿರಲಿಲ್ಲ. ಅವರು ತಿಂದದ್ದು ಕೊರವ, ಬಾಳೆಮೀನು, ಗಿರ್ಲು, ಗೊದ್ದಲೆ, ಹಾವುಮೀನು, ಬೆರಳುದ್ದದ ಪಕ್ಕೆ. ಇವೆಲ್ಲ ನಮ್ಮ ಹಳ್ಳ, ಹೊಳೆ, ಕೆರೆಗಳಲ್ಲೇ ವಂಶ ಬೆಳೆಸುವ ಮೀನು. ಕೆಲವಕ್ಕೆ ಕೆರೆಯೇ ಸಾಕು. ಕೆಲವಕ್ಕೆ ಕೆರೆಗೆ ಬಂದು ಸೇರುವ ಹಳ್ಳ ಬೇಕು. ಯಾರೂ ಮರಿ ಬಿಡಬೇಕಾಗಿಲ್ಲ. ಅವುಗಳ ಪಾಡಿಗೆ ಬಿಟ್ಟರೆ ಸಾಕು, ನಾವು ಮಾಡದ ಕೆಲಸವೂ ಅದೇ.

ಕೊರವವನ್ನೇ ನೋಡಿ. ಕಲಬುರಗಿ ಪೇಟೆಯಲ್ಲಿ ಮರಲ್ ಅಂತ ಕೇಳಿದರೆ ಕೊಡುವ ಮೀನು. ಮಳೆಗಾಲದಲ್ಲಿ ಗಂಡು ಹೆಣ್ಣು ಎರಡೂ ಸೇರಿ ದಡದ ಜೊಂಡಿನ ನಡುವೆ ಒಂದಿಷ್ಟು ಜಾಗ ಸ್ವಚ್ಛ ಮಾಡುತ್ತವೆ. ತತ್ತಿ ಹಳದಿ, ನೀರಿನ ಮೇಲೆ ತೇಲುತ್ತದೆ. ಮರಿಯಾದ ಮೇಲೆ ಕೆಂಪು ಕೆಂಪಾದ ನೂರಾರು ಮರಿಗಳು ಒಂದೇ ಗುಂಪಾಗಿ ತಿರುಗುತ್ತವೆ. ಉಸಿರಿಗೆ ಎಲ್ಲವೂ ಒಟ್ಟಿಗೆ ಮೇಲೆ ಬಂದಾಗ, ನಿಂತ ನೀರಿನ ಒಂದು ಮೊಳ ಜಾಗದಲ್ಲಿ ಮಾತ್ರ ಮಳೆ ಹನಿ ಬಿದ್ದ ಹಾಗೆ ಕಾಣುತ್ತದೆ. ಕೆಳಗೆ ತಂದೆ ತಾಯಿ ಕಾವಲು. ಹತ್ತಿರ ಕಪ್ಪೆ ಬಂದರೂ ಹಾರಿ ಕಚ್ಚುತ್ತವೆ. ಇದು ಗೊತ್ತಿದ್ದವರು ಗಾಳಕ್ಕೆ ಕಪ್ಪೆ ಕಟ್ಟಿ ಆ ಗುಂಪಿನ ಮೇಲೆ ಕುಣಿಸುತ್ತಾರೆ. ಹಸಿವಿಲ್ಲದ ತಾಯಿಯೂ ಸಿಟ್ಟಿಗೆ ಬಾಯಿ ಹಾಕಿ ಸಿಗುತ್ತದೆ. ಮರುಗಳಿಗೆಯಿಂದಲೇ ಮರಿಗಳಿಗೆ ಕಾವಲಿಲ್ಲ. ಒಂದು ಹೊತ್ತಿನ ಸಾರಿಗೆ ಒಂದು ವರ್ಷದ ಕೊರವ ಹೋಯಿತು.

ಹೇಳುವುದಕ್ಕೆ ನನಗೇ ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ನಮ್ಮ ಕಡೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಮೀನು ತಿನ್ನಬೇಕು ಅಂತ ರೂಢಿ. ತೆಲಂಗಾಣದ ಗಡಿಗೆ ಹತ್ತಿರ ಹೋದಷ್ಟೂ ಜೋರು. ಜೂನ್ 7, 8ರ ಸುಮಾರಿಗೆ ಮೀನಿನ ಅಂಗಡಿ ಮುಂದೆ ಸಾಲು ನಿಂತಿರುತ್ತದೆ. ಸರಿಯಾಗಿ ಆ ಹೊತ್ತಿಗೇ ನಾಡಮೀನುಗಳ ಹೊಟ್ಟೆಯಲ್ಲಿ ತತ್ತಿ ತುಂಬುತ್ತಿರುತ್ತದೆ. ರೂಢಿ ಬಿಡಿ ಅಂತ ನಾನು ಹೇಳಿದರೆ ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ. ಅವತ್ತು ಕಾಟ್ಲಾ ತಿನ್ನಿ ಅಂತ ಮಾತ್ರ ಹೇಳುತ್ತೇನೆ. ಕೆರೆಯ ಕಾಟ್ಲಾ ತತ್ತಿಗೆ ಹೇಗೂ ಭವಿಷ್ಯ ಇಲ್ಲ, ಅಲ್ವಾ?

ಬತ್ತಿದ ಕೆರೆಗೆ ಮೀನು ಎಲ್ಲಿಂದ ಬಂತು ಅನ್ನುವುದಕ್ಕೆ ನಿಮ್ಮ ಊರಿನಲ್ಲೇ ಮೂರು ಉತ್ತರ ಕೇಳಿರುತ್ತೀರಿ. ಮಳೆಯ ಜೊತೆ ಮೋಡದಿಂದ ಬಿತ್ತು, ಮಣ್ಣಿನಲ್ಲಿ ತತ್ತಿ ಉಳಿದಿತ್ತು, ಹಕ್ಕಿ ತಂದು ಹಾಕಿತು. ಮೊದಲನೆಯದನ್ನು ಬಿಡಿ. ಎರಡನೆಯದು ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ಪುಟ್ಟ ಮೀನುಗಳಲ್ಲಿ ನಿಜ. ಅವುಗಳ ತತ್ತಿ ಒಣ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನಮ್ಮ ಗೆಂಡೆ ಜಾತಿಯ ತತ್ತಿ ಬಿಸಿಲಿಗೆ ಬಿದ್ದರೆ ಮುಗಿಯಿತು.

ಮೂರನೆಯದನ್ನು ನಾನು ಬಹಳ ವರ್ಷ ನಕ್ಕು ತಳ್ಳಿಹಾಕಿದ್ದೆ. 2020ರಲ್ಲಿ ಹಂಗೇರಿಯ ಸಂಶೋಧಕರು ಬಾತುಕೋಳಿಗಳಿಗೆ ಗೆಂಡೆ ಮೀನಿನ ತತ್ತಿ ತಿನ್ನಿಸಿ, ಹಿಕ್ಕೆ ಪರೀಕ್ಷಿಸಿದರು. ಸಾವಿರಕ್ಕೆ ಎರಡರಷ್ಟು ತತ್ತಿ ಜೀವಂತವಾಗಿ ಹೊರಗೆ ಬಂದಿದ್ದವು, ಕೆಲವು ಮರಿಯೂ ಆದವು. ಸಾವಿರಕ್ಕೆ ಎರಡು ಕಡಿಮೆ ಅನ್ನಿಸಬಹುದು. ಆದರೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಇಳಿಯುವ ಹಕ್ಕಿಗಳನ್ನು ನೋಡಿದವರಿಗೆ ಅದು ಕಡಿಮೆ ಅಲ್ಲ ಅಂತ ಗೊತ್ತಾಗುತ್ತದೆ. ಹಾಗಾಗಿ ನಗುವುದನ್ನು ನಿಲ್ಲಿಸಿದ್ದೇನೆ.

ಆದರೂ ನಿಮ್ಮ ಕೆರೆಯಲ್ಲಿ ಮುಖ್ಯ ಕಾರಣ ಇದಕ್ಕಿಂತ ಸರಳ. ಕೊರವ, ಹಾವುಮೀನು ಗಾಳಿ ಕುಡಿದು ಬದುಕುವ ಮೀನು. ಕೆರೆ ಬತ್ತಿದರೂ ಕೆಸರಿನಲ್ಲಿ, ತೂಬಿನ ಗುಂಡಿಯಲ್ಲಿ, ಪಕ್ಕದ ಬಾವಿಯಲ್ಲಿ ಹೇಗೋ ದಿನ ದೂಡುತ್ತವೆ. ಉಳಿದವು ಕೆಳಗಿನ ಹಳ್ಳದ ಮಡುವಿನಲ್ಲಿ ಕಾಯುತ್ತಿರುತ್ತವೆ. ಮೊದಲ ದೊಡ್ಡ ಮಳೆಗೆ ಹಳ್ಳ ಹರಿದು, ಕೋಡಿ ಬಿದ್ದಾಗ ನೀರಿಗೆ ಎದುರಾಗಿ ಏರಿ ಬರುತ್ತವೆ. ನೀವೂ ಚಿಕ್ಕವರಿದ್ದಾಗ ಕೋಡಿಯ ಕಲ್ಲಿನ ಮೇಲೆ ಹಾರುವ ಮೀನಿಗೆ ಪಂಚೆ ಒಡ್ಡಿರುತ್ತೀರಿ. ಅವತ್ತು ಪಂಚೆ ತಪ್ಪಿಸಿಕೊಂಡವೇ ಆ ವರ್ಷದ ಕೆರೆಯ ಮೀನು.

ಮರಿ ಕೊಳ್ಳಬೇಕಾದ ಕಾಟ್ಲಾ ಒಂದು ಕಡೆ, ತಾನೇ ವಂಶ ಬೆಳೆಸುವ ನಾಡಮೀನು ಇನ್ನೊಂದು ಕಡೆ. ಈ ಎರಡರ ನಡುವೆ ಇನ್ನೊಂದು ಗುಂಪಿದೆ. ಹೊರಗಿನಿಂದ ತಂದ ಮೀನು, ಆದರೆ ಕೆರೆಯಲ್ಲೇ ಮರಿ ಮಾಡುತ್ತವೆ. ಸಾಮಾನ್ಯ ಗೆಂಡೆ ನಿಂತ ನೀರಿನಲ್ಲಿ ಗಿಡಗಂಟಿಗೆ ಅಂಟುವ ತತ್ತಿ ಇಡುತ್ತದೆ. ಚಳಿ ಇಳಿಯುವಾಗ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಎರಡು ಮೂರು ದಿನದಲ್ಲಿ ಮರಿ. ಕೆರೆಯ ಒಂದು ಮೂಲೆಯಲ್ಲಿ ನೀರಗಿಡ ಉಳಿಸಿದರೆ ಇದರ ಮರಿಯನ್ನು ಪ್ರತಿ ವರ್ಷ ಕೊಳ್ಳುವ ಖರ್ಚು ಕಡಿಮೆ ಆಗಬಹುದು. ಪೂರ್ತಿ ತಪ್ಪುತ್ತದೆ ಅಂತ ಹೇಳಲಾರೆ. ತತ್ತಿ ಅಂಟಿದ ಮೇಲೆ ನೀರು ಒಂದು ಅಡಿ ಇಳಿದರೂ ಎಲ್ಲ ಒಣಗುತ್ತವೆ.

ಮತ್ತೆ ತಿಲಾಪಿಯಾ, ಅಂದರೆ ಜಿಲೇಬಿ. 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ತತ್ತಿಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ, ವರ್ಷಕ್ಕೆ ಹಲವು ಸಲ ಮರಿ ಹಾಕುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಸಂಖ್ಯೆ ಜಾಸ್ತಿ ಆಗಿ, ಮೇವು ಸಾಲದೆ, ಯಾವುದೂ ಅಂಗೈ ಅಗಲ ಮೀರುವುದಿಲ್ಲ. 'ಸ್ವಂತ ಮರಿ ಮಾಡುವ ಮೀನೇ ಒಳ್ಳೆಯದು' ಅನ್ನುವವರಿಗೆ ಜಿಲೇಬಿ ತುಂಬಿದ ಕೆರೆ ಒಮ್ಮೆ ತೋರಿಸಬೇಕು. ನಿಮ್ಮಲ್ಲಿ ಕೊರವ ಚೆನ್ನಾಗಿದ್ದರೆ ಅದೇ ಜಿಲೇಬಿ ಮರಿಗಳನ್ನು ತಿಂದು ಒಂದಷ್ಟು ಹತೋಟಿಯಲ್ಲಿ ಇಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಹತ್ತಿರ ಸೇರಿಸಬೇಡಿ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಕೆರೆಗೆ ಬಿದ್ದರೆ ನಾಡಮೀನು ಯಾವುದನ್ನೂ ಉಳಿಸುವುದಿಲ್ಲ.

ಹಾಗಾಗಿ ಕಾಟ್ಲಾ, ರೋಹು ಬೇಕು ಅಂದರೆ ಮರಿ ಕೊಳ್ಳಲೇಬೇಕು. ಸಂಘದ ಆದಾಯ ಅದರಿಂದಲೇ ಬರುವುದು, ಕೊರವ ಪಕ್ಕೆಯಿಂದಲ್ಲ. ಆದರೆ ಕೊಳ್ಳುವ ರೀತಿಯಲ್ಲಿ ದುಡ್ಡು ಉಳಿಸಬಹುದು.

ನಿಮ್ಮ ಕೆರೆಗೆ ಲೆಕ್ಕ ಹಾಕೋಣ. ಇಪ್ಪತ್ತು ಎಕರೆಗೆ ಹಾಕಬೇಡಿ, ಆರಕ್ಕೂ ಬೇಡ. ನಡುವೆ ಹದಿಮೂರು ಎಕರೆ, ಅಂದರೆ ಸುಮಾರು ಐದು ಹೆಕ್ಟೇರ್. ಹೊರಗಿನ ಮೇವು ಹಾಕದ ಕೆರೆಗೆ ಹೆಕ್ಟೇರಿಗೆ 2,000 ಮರಿ ಸಾಕು, ಒಟ್ಟು 10,000. ಹತ್ತರಲ್ಲಿ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಅಥವಾ ಸಾಮಾನ್ಯ ಗೆಂಡೆ. ಕಾಟ್ಲಾ ಮೇಲೆ ತಿನ್ನುತ್ತದೆ, ರೋಹು ನಡುವೆ, ಕೊನೆಯವು ತಳದಲ್ಲಿ. ಇವುಗಳಲ್ಲಿ ನೂರಕ್ಕೆ ಮೂವತ್ತು ಬಲೆಗೆ ಬಂದು, ಒಂದೊಂದು ಮುಕ್ಕಾಲು ಕೆಜಿ ತೂಗಿದರೂ 2,250 ಕೆಜಿ ಆಯಿತು.

ಇದೆಲ್ಲ ನಾಲ್ಕು ಇಂಚಿನ ಮರಿಗೆ. ಇಲಾಖೆಯವರು ಬಲಿತ ಬಿತ್ತನೆ ಮರಿ ಅನ್ನುತ್ತಾರೆ. ಅಗ್ಗಕ್ಕೆ ಸಿಗುತ್ತದೆ ಅಂತ ಒಂದು ಇಂಚಿನದನ್ನು ಐವತ್ತು ಸಾವಿರ ತಂದು ಸುರಿಯುವವರೇ ಜಾಸ್ತಿ. ಪಟ್ಟಿಯಲ್ಲಿ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಕೆರೆಯಲ್ಲಿ ಕೊರವ, ಬಾಳೆಮೀನು, ಮೇಲೆ ಬೆಳ್ಳಕ್ಕಿ, ನೀರುಕಾಗೆ ಇರುವಾಗ ಅದು ದುಡ್ಡು ಕೊಟ್ಟು ಅವಕ್ಕೆ ಊಟ ಹಾಕಿಸಿದಂತೆ. ಚಿಕ್ಕ ಮರಿಯೇ ಸಿಗುವುದು ಅಂದರೆ ಕೆರೆ ಪಕ್ಕದ ಒಂದು ಗುಂಡಿಯಲ್ಲಿ ಅಥವಾ ಯಾರದಾದರೂ ಕೃಷಿ ಹೊಂಡದಲ್ಲಿ ಎರಡು ಮೂರು ತಿಂಗಳು ಸಾಕಿ, ನಾಲ್ಕು ಇಂಚು ಆದ ಮೇಲೆ ಕೆರೆಗೆ ಬಿಡಿ.

ಬಿಡುವ ದಿನದ ಒಂದು ಕಥೆ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ಊರಿನ ಕೆರೆಗೆ ಮರಿ ಬಿಡುವ ಕಾರ್ಯಕ್ರಮ. ಊರು, ಕಚೇರಿ ಯಾವುದು ಅಂತ ಬೇಡ. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ವ್ಯಾನ್ ಹನ್ನೊಂದಕ್ಕೆ ಬಂತು. ಅತಿಥಿಗಳು ಹನ್ನೆರಡೂವರೆಗೆ ಬಂದರು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಅಲ್ಲಿಯವರೆಗೆ ಏರಿಯ ಮೇಲೆ ಬಿಸಿಲಲ್ಲೇ ಇದ್ದವು. ಕೈ ಇಟ್ಟು ನೋಡಿದರೆ ಸ್ನಾನದ ನೀರಿನಷ್ಟು ಬಿಸಿ. ಭಾಷಣ ಆಯಿತು, ಚೀಲ ಕತ್ತರಿಸಿ ಸುರಿದರು, ಫೋಟೋ ಆಯಿತು. ಮರುದಿನ ಬೆಳಿಗ್ಗೆ ದಡದುದ್ದಕ್ಕೂ ಅಕ್ಕಿ ಚೆಲ್ಲಿದ ಹಾಗೆ ಬಿಳಿ. ನನ್ನ ತಪ್ಪೂ ಇತ್ತು. ನಾನೂ ಶಾಲು ಹೊದ್ದು ಅದೇ ಫೋಟೋದಲ್ಲಿ ನಿಂತಿದ್ದೆ, ಒಂದು ಮಾತು ಆಡಲಿಲ್ಲ.

ಮಾಡಬೇಕಾದದ್ದು ಬಹಳ ಇಲ್ಲ. ಬೆಳಗಿನ ಜಾವ ಅಥವಾ ಸಂಜೆ ಬಿಡಿ. ಚೀಲವನ್ನು ಬಿಚ್ಚದೆ ಕೆರೆ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಬೊಗಸೆ ಬೊಗಸೆ ಕೆರೆ ನೀರು ಸೇರಿಸಿ. ಕೊನೆಗೆ ಚೀಲ ಓರೆ ಮಾಡಿದರೆ ಮರಿಗಳು ತಾವಾಗಿಯೇ ಈಜಿ ಹೋಗುತ್ತವೆ. ಹೋಗದೆ ತಳದಲ್ಲಿ ಬಿದ್ದಿರುವ ಮರಿಗಳನ್ನು ಎಣಿಸಿ, ವ್ಯಾಪಾರಿಗೆ ತೋರಿಸಿ.

ನೀವು ಬಿಟ್ಟ ಮೀನು ಯಾವುದು, ಕೆರೆಯಲ್ಲೇ ಹುಟ್ಟಿದ್ದು ಯಾವುದು, ಈ ಎರಡು ಲೆಕ್ಕವನ್ನೂ ತಿಳಿಯುವುದಕ್ಕೆ ಒಂದು ನೋಟ್‌ಬುಕ್ ಇಡಿ. ಮೀನು ಹಿಡಿದ ದಿನ, ಸುಮ್ನೆ ಕೈಗೆ ಸಿಕ್ಕ ಹಾಗೆ ಪ್ರತಿ ಜಾತಿಯ ಐವತ್ತು ಮೀನು ಅಳೆದು ಬರೆಯಿರಿ. ಎಲ್ಲ ರೋಹುವೂ ಹೆಚ್ಚುಕಡಿಮೆ ಒಂದೇ ಅಳತೆ ಇದ್ದರೆ ಅವು ನೀವು ಬಿಟ್ಟ ಮರಿಗಳೇ. ಗೆಂಡೆಯಲ್ಲಿ ಬೆರಳುದ್ದ, ಗೇಣುದ್ದ, ಮೊಳದುದ್ದ ಎಲ್ಲ ಸಿಕ್ಕರೆ ಅದು ಕೆರೆಯಲ್ಲೇ ಮರಿ ಮಾಡುತ್ತಿದೆ. ಕೊರವದಲ್ಲಿ ಬರೀ ದೊಡ್ಡವೇ ಸಿಕ್ಕಿ ಚಿಕ್ಕವು ಕಾಣದಿದ್ದರೆ ಕಾವಲು ತಪ್ಪಿದೆ ಅಂತ ಅರ್ಥ. ಮುಂದಿನ ಮಳೆಗಾಲ ದಡದ ಗಾಳ ನಿಲ್ಲಿಸಿ. ಹೂಳೆತ್ತುವ ಕೆಲಸ ಬಂದಾಗಲೂ ಕೆರೆಯನ್ನು ತಟ್ಟೆಯ ಹಾಗೆ ಸಪಾಟು ಮಾಡಲು ಬಿಡಬೇಡಿ. ಒಂದು ಕಡೆ ಆಳದ ಮಡು ಇರಲಿ. ಮೇ ತಿಂಗಳ ಬಿಸಿಲಿಗೆ ಅದೇ ಅವುಗಳ ಮನೆ.

ಒಂದು ತೊಡಕು ಉಳಿಯಿತು. ಬಿಟ್ಟ ಮರಿ ಕೋಡಿಯಲ್ಲಿ ಹೋಗಬಾರದು ಅಂತ ನೀವು ಅಲ್ಲಿ ಬಲೆ ಕಟ್ಟುತ್ತೀರಿ. ಅದೇ ಬಲೆ ಕೆಳಗಿನಿಂದ ಏರಿ ಬರುವ ನಾಡಮೀನಿಗೆ ಗೋಡೆ ಆಗುತ್ತದೆ. ಇದಕ್ಕೆ ನನಗೆ ಕಂಡ ದಾರಿ ಒಂದೇ. ಜೂನ್, ಜುಲೈನಲ್ಲಿ ಕೋಡಿಗೆ ಏನೂ ಕಟ್ಟಬೇಡಿ, ಯಾರೂ ಪಂಚೆಯನ್ನೂ ಒಡ್ಡದಿರಲಿ. ಅಷ್ಟು ದಿನ ನಿಮ್ಮ ಮರಿಗಳು ಹೊಂಡದಲ್ಲೇ ಬೆಳೆಯುತ್ತಿರಲಿ. ಕೋಡಿ ನಿಂತ ಮೇಲೆ, ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ, ಕೆರೆಗೆ ಬಿಡಿ. ತಡವಾಗಿ ಮಳೆ ಬಂದು ಮತ್ತೆ ಕೋಡಿ ಬಿದ್ದರೆ ಮಾತ್ರ ಆಗ ಬಲೆ ಕಟ್ಟಿ, ನೀರು ನಿಂತ ದಿನವೇ ಬಿಚ್ಚಿಬಿಡಿ.